ಬಾವಿಯ ನೀರು ಹಸಿರಾದ ಮಳೆಗಾಲ

ಕಳೆದ ತಿಂಗಳು ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೇಳೆ, ಬೆಲ್ಲ ಕೊಂಡು ಬರುವಾಗ ಮಳೆ ಹಿಡಿಯಿತು. ಬಾಜುವಿನ ಸಂದಿಯಲ್ಲಿದ್ದ ಬ್ಯಾಟರಿ ಅಂಗಡಿಯ ತಗಡಿನ ಕೆಳಗೆ ಹೋಗಿ ನಿಂತೆ. ಒಳಗೆ ಯಾರೋ ಲಾರಿಯ ಹಳೆಯ ಬ್ಯಾಟರಿಯೊಂದನ್ನು ಬಿಚ್ಚುತ್ತಿದ್ದರು. ಹುಳಿಹುಳಿಯಾದ, ಮೂಗಿನೊಳಗೆ ಸುಡುವ ಆಸಿಡ್ ವಾಸನೆ ಬಂತು. ಅಂಗಡಿಯವನು, "ಮಳಿ ನಿಂದ್ರೂಮಟ ಕುಂದರ್ರಿ ಅಕ್ಕಾರ" ಎಂದು ಸ್ಟೂಲು ಸರಿಸಿದ. ನಾನು ಬೇಡವೆಂದು ಚೀಲವನ್ನು ಎದೆಗೊತ್ತಿಕೊಂಡು ಮಳೆಯಲ್ಲೇ ಹೊರಗೆ ನಡೆದೆ. ಮನೆ ಮುಟ್ಟುವಷ್ಟರಲ್ಲಿ ಬೆಲ್ಲ ನೆಂದು ಕರಗಿತ್ತು.

ಹಾಗೆ ಹೊರಟದ್ದು ಮನೆಯ ಆತುರಕ್ಕಲ್ಲ. ಕೆಲವು ವರ್ಷಗಳ ಹಿಂದೆ ಖಾನಾಪುರದಲ್ಲಿ ಕಳೆದ ಒಂದು ಮಳೆಗಾಲ ಆ ವಾಸನೆಯ ಜೊತೆಗೇ ನನ್ನೊಳಗೆ ಉಳಿದುಬಿಟ್ಟಿದೆ.

ಗಡಿಯಲ್ಲಿ ಯುದ್ಧ ನಿಂತು ಆಗ ಕೆಲವು ತಿಂಗಳಾಗಿದ್ದವು. ಬೆಳಗಾವಿ ದಂಡಿನ ಊರು, ಇಲ್ಲಿ ಯುದ್ಧ ಟಿವಿಯೊಳಗಷ್ಟೇ ಇರುವುದಿಲ್ಲ. ಕ್ಯಾಂಪಿನ ರಸ್ತೆಯಲ್ಲಿ ಊರುಗೋಲು ಹಿಡಿದವರು ಕಾಣತೊಡಗಿದ್ದರು. ಅದೇ ಹೊತ್ತಿಗೆ ಸರಕಾರದ ಒಂದು ಯೋಜನೆ ಬಂತು. ಗಡಿಯಿಂದ ದೂರದ ತಾಲೂಕುಗಳಲ್ಲಿ ಹೊಸ ಕಾರ್ಖಾನೆಗಳು ಏಳಬೇಕು, ಯುದ್ಧದಿಂದ ಮರಳಿದವರಿಗೆ ತಮ್ಮ ಊರಿನ ಹತ್ತಿರವೇ ಕೆಲಸ ಸಿಗಬೇಕು, ಆ ಉದ್ಯಮ ನೆಲಕ್ಕೂ ನೀರಿಗೂ ಭಾರವಾಗಬಾರದು. ಯಾವ ಉದ್ಯಮ, ಯಾವ ಜಾಗ ಎಂದು ಆರಿಸಿಕೊಡುವ ಕೆಲಸ ನಾನಿದ್ದ ಖಾಸಗಿ ಕಚೇರಿಗೆ ಸಿಕ್ಕಿತು. ಅಲ್ಲಿ ನಾನು ಅಂತರ್ಜಲದ ಪರೀಕ್ಷೆ ಮಾಡುವವಳು. ಜಾಗ ತೋರಿಸಿದರೆ ಅದರ ಕೆಳಗೆ ಕಲ್ಲು ಹೇಗಿದೆ, ನೀರು ಎತ್ತ ಹರಿಯುತ್ತದೆ ಎಂದು ಬರೆದುಕೊಡುತ್ತಿದ್ದೆ.

ಖಾನಾಪುರ ತಾಲೂಕಿನ ಪಟ್ಟಿಯಲ್ಲಿ ಕೊನೆಗೆ ಮೂರು ಉಳಿದವು. ಸೇನೆಗೆ ಗುಡಾರ ಹೊಲಿಯುವುದು, ಅಲ್ಲಿಯ ಮಣ್ಣಿನಿಂದ ವಿದ್ಯುತ್ ಕಂಬಕ್ಕೆ ಬೇಕಾದ ಪಿಂಗಾಣಿ ಬಿಲ್ಲೆ ಮಾಡುವುದು, ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವುದು. ಕಚೇರಿಯಲ್ಲಿ ಕೊನೆಯದಕ್ಕೇ ಹೆಚ್ಚು ಅಂಕ ಬಿದ್ದಿತ್ತು. ಹಳೆಯದನ್ನೇ ಮತ್ತೆ ಬಳಸುವುದರಿಂದ ಅದು ಸುಸ್ಥಿರ ಉದ್ಯಮ ಎಂದು ಕರಡಿನಲ್ಲಿ ಬರೆದಾಗಿತ್ತು.

ಅಂಥದೊಂದು ಘಟಕ ನೋಡಿ ಬರಲು ನಮ್ಮನ್ನು ಬೇರೆ ಜಿಲ್ಲೆಗೆ ಕರೆದೊಯ್ದರು. ಅಂಗಳದಲ್ಲಿ ಹೂವಿನ ಕುಂಡಗಳಿದ್ದವು, ನೆಲ ತೊಳೆದಿತ್ತು. ಹಿಂದಿನ ಶೆಡ್ಡಿಗೆ ಹೋದಾಗ ಆ ಹುಳಿ ವಾಸನೆ ಮೊದಲ ಬಾರಿ ಮೂಗಿಗೆ ಬಡಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕಳು. ಅವಳ ವಸಡಿನ ಅಂಚಿಗೆ, ಹಲ್ಲುಗಳ ಬುಡದಲ್ಲಿ, ಸೀಸದಕಡ್ಡಿಯಿಂದ ಎಳೆದಂತೆ ನೀಲಿ ಗೆರೆಯಿತ್ತು. ಊರಿಗೆ ಬಂದು ನಮ್ಮ ಓಣಿಯ ಡಾಕ್ಟರಿಗೆ ಹೇಳಿದೆ. "ಸೀಸ ರಕ್ತದಾಗ ಹೊಕ್ಕೈತಿ ಅಂದ್ರ ಹಂಗ ಕಾಣ್ತೈತ್ರಿ" ಎಂದರು ಅವರು. ಆವತ್ತಿನಿಂದಲೇ ನನಗೆ ಹೆದರಿಕೆ ಶುರುವಾಯಿತು.

ನಮಗೆ ತೋರಿಸಿದ ಜಾಗ ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ಕೆಂಪುಗಲ್ಲಿನ ದಿಬ್ಬ. ಊರಿನ ಹೆಸರು ಬೇಡ. ರಸ್ತೆ ಹತ್ತಿರ, ರೈಲು ಹತ್ತಿರ, ಕರೆಂಟಿನ ಲೈನು ತಲೆಯ ಮೇಲೇ ಹಾದುಹೋಗಿತ್ತು. ದಿಬ್ಬದ ಕೆಳಗೆ ಊರು, ಊರಿನಾಚೆ ಗದ್ದೆ, ಗದ್ದೆಯಾಚೆ ಮಲಪ್ರಭೆಗೆ ಸೇರುವ ಹಳ್ಳ. ನಕಾಶೆಯ ಮೇಲೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಜೊತೆಗೆ ಬಾಬಾಜಾನ್ ಇದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬೆಳಗಾವಿಯವನೇ, ತಲೆತಲಾಂತರದಿಂದ ಬಾವಿ ತೋಡುವ ಮನೆತನ. ಅಪ್ಪ, ಅಜ್ಜ ಇಬ್ಬರೂ ಅದೇ ಕೆಲಸದಲ್ಲಿ ಬೆನ್ನು ಬಾಗಿಸಿಕೊಂಡವರು. ಕೊಳವೆ ಕೊರೆಯುವುದು, ನೀರಿನ ಮಟ್ಟ ಅಳೆಯುವುದು, ಮಾದರಿ ತುಂಬಿ ಚೀಟಿ ಅಂಟಿಸುವುದು ಅವನ ಕೆಲಸ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಖಾನಾಪುರದ ಪೇಟೆಯಲ್ಲಿ ಮರಾಠಿ. ಕೆಲಸ ಮಾಡುವಾಗ ಮಾತ್ರ ಯಾವ ಭಾಷೆಯಲ್ಲೂ ಮಾತಿಲ್ಲ.

ಊರಿನಲ್ಲಿ ನಮ್ಮನ್ನು ಕರೆದು ಚಹಾ ಕೊಟ್ಟವನು ಯಲ್ಲಪ್ಪ. ಸೇನೆಯಲ್ಲಿ ಹವಾಲ್ದಾರನಾಗಿದ್ದ. ಯುದ್ಧದಲ್ಲಿ ಸಿಡಿದ ಲೋಹದ ಚೂರು ಅವನ ಎಡಗಣ್ಣು ತೆಗೆದುಕೊಂಡಿತ್ತು. ಸುತ್ತಲಿನ ಊರುಗಳಲ್ಲಿ ಹಾಗೆ ಮರಳಿದವರನ್ನೆಲ್ಲ ಅವನು ಒಂದು ಸಂಘ ಮಾಡಿ ಕೂಡಿಸಿದ್ದ. ಹೆಂಡತಿ ಲಕ್ಷ್ಮಿ ಒಳಗಿನಿಂದ ಅವಲಕ್ಕಿ ತಂದಿಟ್ಟಳು. ಅವನು ಕಪ್ಪನ್ನು ಕೆಳಗಿಟ್ಟು ಹೇಳಿದ: "ಮೇಡಂ, ನಮ್ಮೊಳಗ ಒಬ್ಬಂವಗ ಕಾಲಿಲ್ಲ, ಒಬ್ಬಂವಗ ಕಿವಿ ಕೇಳೂದಿಲ್ಲ. ಗೋವಾಕ್ಕ ಹೋಗಿ ಯಾರ್ದೋ ಗೇಟ್ ಕಾಯೂದು ಬ್ಯಾಡ ಅಂತ ಇಲ್ಲೇ ಕುಂತೇವಿ. ಫ್ಯಾಕ್ಟರಿ ಇಲ್ಲೇ ಆಗೂ ಹಂಗ ಬರೀರಿ."

ನಾನು ಹೂಂ ಎಂದೆ.

ದಿಬ್ಬದ ಮೇಲೆ ಮೂರನೆಯ ಕೊಳವೆ ಕೊರೆಯುವಾಗ ರಾಡು ಒಮ್ಮೆಲೇ ಕೆಳಗೆ ಜಾರಿತು. ಯಂತ್ರದ ಸದ್ದೇ ಬದಲಾಯಿತು. ಬಾಬಾಜಾನ್ ಅದನ್ನು ನಿಲ್ಲಿಸಿ ನೆಲಕ್ಕೆ ಕಿವಿ ಕೊಟ್ಟ. "ಕೆಳಗ ಪೊಳ್ಳ ಐತ್ರಿ ಮೇಡಂ" ಎಂದ. ಪಕ್ಕದಲ್ಲಿ ಒಂದು ಗುಂಡಿ ತೋಡಿಸಿದೆವು. ರಭಸದ ಮಳೆಗೆ ಅದು ತುಂಬಿತು. ನಾವು ಬುತ್ತಿ ಉಂಡು ಬರುವಷ್ಟರಲ್ಲಿ ಬರಿದಾಗಿತ್ತು. ಕೆಂಪುಗಲ್ಲು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಹುತ್ತದಂತೆ ತೂತುತೂತಾಗಿರುತ್ತದೆ. ಆ ನೀರು ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತ ನಾನು ಕೆಳಗಿನ ಊರಿನ ಹಂಚುಗಳನ್ನು ನೋಡಿದೆ.

ಕಚೇರಿಯ ಮುಖ್ಯಸ್ಥರಿಗೆ ಹೇಳಿದೆ. "ಮಳಿಗಾಲದಾಗ ಎಲ್ಲಾ ಕಡೆ ನೀರ ಇಂಗತೈತ್ರಿ" ಎಂದರು. ಬಣ್ಣ ಹಾಕಿ ನೋಡುತ್ತೇನೆ ಎಂದು ಹಟ ಹಿಡಿದಾಗ ಒಪ್ಪಿದರು. "ಆದ್ರ ಊರಾಗ ಸುದ್ದಿ ಮಾಡಬ್ಯಾಡ್ರಿ. ಒಬ್ಬಂವಗ ಹೇಳಿದ್ರ ನೂರು ಮಂದಿ ಬರ್ತಾರ, ಜಾಗಾ ಕೈ ಬಿಡತೈತಿ."

ನಾನು ಸುದ್ದಿ ಮಾಡಲಿಲ್ಲ. ಈ ಬರಹದಲ್ಲಿ ನನ್ನ ತಪ್ಪು ಎಂದು ಹೇಳಬೇಕಾದದ್ದು ಅದೊಂದೇ, ಅದು ಸಣ್ಣದಲ್ಲ.

ಬಣ್ಣ ಎಂದರೆ ಕಿತ್ತಳೆ ಬಣ್ಣದ ಒಂದು ಪುಡಿ. ನೀರಿಗೆ ಬಿದ್ದರೆ ಕಣ್ಣಿಗೆ ಹೊಡೆಯುವ ಹಸಿರಾಗುತ್ತದೆ. ವಿಷವಲ್ಲ. ಒಂದು ಕಡೆ ಸುರಿದು ಅದು ಎಲ್ಲಿ ಹೊರಬರುತ್ತದೆ ಎಂದು ನೋಡಿದರೆ ನೀರಿನ ದಾರಿ ತಿಳಿಯುತ್ತದೆ. ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾದಾಗ, ಬಾಬಾಜಾನ್ ಕ್ಯಾನಿನಲ್ಲಿ ಕಲಸಿ ಗುಂಡಿಗೆ ಸುರಿದ. ನಾನು ಅವನ ತಲೆಯ ಮೇಲೆ ಕೊಡೆ ಹಿಡಿದಿದ್ದೆ. ಹಳ್ಳದಿಂದ ಹೊತ್ತುಹೊತ್ತಿಗೆ ಮಾದರಿ ತುಂಬುವ ಕೆಲಸ ಅವನಿಗೆ ಒಪ್ಪಿಸಿ, ಮರುದಿನದ ಸಭೆಗಾಗಿ ನಾನು ಬೆಳಗಾವಿಗೆ ಮರಳಿದೆ.

ಮರುದಿನ ಬೆಳಿಗ್ಗೆ ಸಭೆ ಶುರುವಾಗುವ ಮೊದಲೇ ಅವನ ಫೋನು ಬಂತು. ದನಿ ಪಿಸುಗುಡುತ್ತಿತ್ತು.

"ಮೇಡಂ, ಬಾವ್ಯಾಗ ಬಣ್ಣ ಬಂದೈತ್ರಿ. ಊರ ಬಾವ್ಯಾಗ. ಹವಾಲ್ದಾರ್ರ ಮನ್ಯಾಕಿ ಮೊದಲ್ನೇ ಕೊಡಾ ಸೇದ್ಯಾಳ."

"ನೀ ಎಲ್ಲಿದ್ದಿ?"

"ಪಂಪಿನ ಖೋಲ್ಯಾಗ ಅದೀನ್ರಿ. ಹೊರಗ ಚಿಲಕಾ ಹಾಕ್ಯಾರ." ಹಿಂದೆ ಬಾಗಿಲು ಬಡಿಯುವ ಸದ್ದು. "ಲಗೂ ಬರ್ರಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ಖಾನಾಪುರದ ಪೊಲೀಸರಿಗೆ ತಿಳಿಸಿದೆ, ಜೀಪು ಹೊರಗೆ ಹೋಗಿದೆ, ಬಂದೊಡನೆ ಕಳಿಸುತ್ತೇವೆ ಎಂದರು. ಕಚೇರಿಯ ಗಾಡಿ ಇರಲಿಲ್ಲ. ಸ್ಟ್ಯಾಂಡಿಗೆ ಓಡಿ, ಹೊರಡುತ್ತಿದ್ದ ಬಸ್ ಹತ್ತಿದೆ.

ಆ ಬಸ್ಸಿನ ಒಂದು ತಾಸು ನಾನು ಮರೆಯಲಾರೆ. ಪಕ್ಕದಲ್ಲಿ ಕೂತ ಗೃಹಸ್ಥರು ಪೇಪರು ಮಡಚಿ ಫೋನು ತೆಗೆದರು. ಅದರಲ್ಲಿ ಯಾರದೋ ಧ್ವನಿ, ವೈರಿ ದೇಶದವರು ಬಾವಿಗಳಿಗೆ ವಿಷ ಹಾಕಲು ಮಂದಿ ಕಳಿಸಿದ್ದಾರೆ ಎಂದು ಹೇಳುತ್ತಿತ್ತು. ಅದರ ಕೆಳಗೆ ಒಂದು ಫೋಟೋ. "ನೋಡ್ರಿ ಅಕ್ಕಾರ, ಖಾನಾಪುರ ಬಾಜೂಕ ಒಬ್ಬಂವನ ಹಿಡದಾರಂತ" ಎಂದು ನನ್ನ ಕಡೆ ತಿರುಗಿಸಿದರು. ಬಾಬಾಜಾನ್ ಕ್ಯಾನು ಬಗ್ಗಿಸಿ ನಿಂತಿದ್ದ. ಯಾರೋ ದೂರದಿಂದ ತೆಗೆದದ್ದು. ಚಿತ್ರದ ಅಂಚಿನಲ್ಲಿ ಒಂದು ಕೈ, ಕೈಯಲ್ಲಿ ಕೊಡೆಯ ಹಿಡಿ, ಮಣಿಕಟ್ಟಿಗೆ ಹಸಿರು ಬಳೆ. ಆ ಬಳೆಗಳು ಆಗಲೂ ನನ್ನ ಕೈಯಲ್ಲೇ ಇದ್ದವು.

ಅದು ಸುಳ್ಳು, ಆ ಕೈ ನನ್ನದು ಎಂದು ನಾನು ಹೇಳಬಹುದಿತ್ತು. ಬಸ್ಸಿನಲ್ಲಿ ನಲವತ್ತು ಜನರಿದ್ದರು. ನಾನು ಸೆರಗಿನೊಳಗೆ ಕೈ ಮುಚ್ಚಿಕೊಂಡು, "ಹೌದೇನ್ರಿ" ಎಂದಷ್ಟೇ ಅಂದೆ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದೆ. ಹೊರಗೆ ಏನು ಕಂಡೆನೋ ನೆನಪಿಲ್ಲ.

ಖಾನಾಪುರದಲ್ಲಿ ಸಿಕ್ಕ ಆಟೋದವನು ಊರಿನ ತಿರುವಿನವರೆಗೆ ಬಂದು ನಿಲ್ಲಿಸಿದ. "ಮುಂದ ಗದ್ದಲ ಐತ್ರಿ, ನಾ ಬರಂಗಿಲ್ಲ" ಎಂದ. ಅಲ್ಲಿಂದ ನಡೆದೆ. ಕೆಸರಿನಲ್ಲಿ ಚಪ್ಪಲಿ ಹೂತುಹೋಯಿತು, ತೆಗೆಯಲು ನಿಲ್ಲಲಿಲ್ಲ.

ಊರಿನ ಅರ್ಧ ಮಂದಿ ಬಾವಿಯ ಸುತ್ತ ನೆರೆದಿದ್ದರು. ಕಟ್ಟೆಯ ಮೇಲೆ ಕೊಡಗಳು ಸಾಲಾಗಿದ್ದವು, ಎಲ್ಲದರಲ್ಲೂ ಆ ಹಸಿರು ನೀರು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಮರಾಠಿ, ಕನ್ನಡ ಎರಡರಲ್ಲೂ ಬೈಗುಳ ಕೇಳುತ್ತಿತ್ತು. ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಯಲ್ಲಪ್ಪ ಬಾಗಿಲಿಗೆ ಬೆನ್ನು ಹಚ್ಚಿ ಕೂತಿದ್ದ. ಒಳಗಿನವನು ಓಡಿಹೋಗದಂತೆ ಕೂತಿದ್ದಾನೋ, ಹೊರಗಿನವರು ಒಳಗೆ ನುಗ್ಗದಂತೆ ಕೂತಿದ್ದಾನೋ ನನಗೆ ತಿಳಿಯಲಿಲ್ಲ.

"ಆ ಬಣ್ಣ ನಾನ ಹಾಕಿಸಿದ್ದು" ಎಂದೆ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ.

ಬಡಿಗೆ ಹಿಡಿದವರೆಲ್ಲ ನನ್ನ ಕಡೆ ತಿರುಗಿದರು.

"ಏನ ಹಾಕಿಸಿದಿ?" ಎಂದು ಒಬ್ಬ ಕೇಳಿದ.

"ಬಣ್ಣ. ವಿಷ ಅಲ್ಲ. ಮ್ಯಾಲಿನ ನೀರು ಎಲ್ಲಿಗೆ ಬರತೈತಿ ಅಂತ ನೋಡಾಕ."

"ಊರಾಗ ಹೇಳಿ ಹಾಕಬೇಕಿತ್ತಲ್ಲ?"

ನಾನು ಒಂದು ಕೊಡಕ್ಕೆ ಕೈ ಹಾಕಿ ಬೊಗಸೆ ನೀರು ಕುಡಿದೆ. ಯಾರ ಮುಖವೂ ಬದಲಾಗಲಿಲ್ಲ. "ಕುಡದು ಬೆಳಗಾವಿಗೆ ಹೋಗಿ ದವಾಖಾನ್ಯಾಗ ಮಕ್ಕೋತಾಳ ಬಿಡು. ನಮ್ಮ ಹುಡುಗರು ಎಲ್ಲಿ ಹೋಗೂದು?" ಎಂದು ಹಿಂದಿನಿಂದ ಒಬ್ಬ ಅಂದ. ಗುಂಪು ಒಂದು ಹೆಜ್ಜೆ ಬಾಗಿಲ ಕಡೆ ಸರಿಯಿತು. ಆ ಹೆಜ್ಜೆಯ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಯಲ್ಲಪ್ಪ ಎದ್ದು ನಿಂತ. "ಎಂಥಾ ಬಣ್ಣ?" ಎಂದ ನನ್ನನ್ನೇ ನೋಡುತ್ತ.

"ಕಣ್ಣಿನ ಡಾಕ್ಟರು ಕಣ್ಣಾಗ ಗಾಯ ಐತೇನು ನೋಡಾಕ ಹಾಕ್ತಾರಲ್ರಿ, ಅದ."

ಅವನು ಕೊಡದ ಹತ್ತಿರ ಬಂದು ಬಗ್ಗಿ ನೋಡಿದ. "ಮಿಲಿಟರಿ ದವಾಖಾನ್ಯಾಗ ನನ್ನ ಕಣ್ಣಿಗೆ ಒಂದು ಕಾಗದದ ಪಟ್ಟಿ ಮುಟ್ಟಿಸಿದ್ರು. ಕಣ್ಣೀರು ಹಿಂಗ ಹಸರಾಗಿ ಇಳೀತಿತ್ತು" ಎಂದ. ಆಮೇಲೆ ತಲೆಯೆತ್ತಿ, "ಖರೇ ಅದೇನ?" ಎಂದು ಕೇಳಿದ.

"ಖರೇ."

ಅವನು ಬೊಗಸೆಯಲ್ಲಿ ನೀರೆತ್ತಿ ತನಗಿದ್ದ ಆ ಒಂದು ಕಣ್ಣಿಗೆ ಹಾಕಿಕೊಂಡ. ಲಕ್ಷ್ಮಿ ಅವನ ತೋಳಿಗೆ ಜೋತುಬಿದ್ದಳು. ಅವನು ಅವಳನ್ನು ಮೆಲ್ಲಗೆ ಬಿಡಿಸಿಕೊಂಡು ಕಣ್ಣು ಮುಚ್ಚಿ ನಿಂತ. ಕೆನ್ನೆಯ ಮೇಲೆ ಹಸಿರು ಗೆರೆ ಇಳಿಯಿತು. ನಾನು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕ್ಷಣದಲ್ಲಿ, ಪುಡಿ ಬೇರೆ ಯಾವುದೋ ಆಗಿದ್ದರೆ, ಡಬ್ಬಿ ಅದಲುಬದಲಾಗಿದ್ದರೆ ಎಂದುಕೊಳ್ಳುತ್ತ ಅವನ ರೆಪ್ಪೆಗಳನ್ನೇ ನೋಡುತ್ತಿದ್ದೆ.

ಅವನು ಕಣ್ಣು ತೆರೆದ. ಒಬ್ಬೊಬ್ಬರನ್ನೇ ನೋಡಿದ. "ಕಾಣ್ತೈತಿ" ಎಂದ. "ಎಲ್ಲಾರೂ ಕಾಣ್ತೀರಿ. ಯಾರ ಕೈಯಾಗ ಬಡಗಿ ಐತಿ ಅನ್ನೂದೂ ಕಾಣ್ತೈತಿ."

ಒಂದು ಬಡಿಗೆ ಕೆಳಗೆ ಬಿತ್ತು. ಉಳಿದವರು ಕೈಗಳನ್ನು ಹಿಂದಕ್ಕೆ ಸರಿಸಿಕೊಂಡರು. ಯಲ್ಲಪ್ಪ ತಾನೇ ಚಿಲಕ ತೆಗೆದ.

ಬಾಬಾಜಾನ್ ಮೋಟರಿನ ಪಕ್ಕ ನೆಲದ ಮೇಲೆ ಕೂತಿದ್ದ. ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಮಾದರಿ ಬಾಟಲಿಗಳ ಪೆಟ್ಟಿಗೆ ತೊಡೆಯ ಮೇಲಿತ್ತು. ಬಾವಿಯಿಂದ ತುಂಬಿದ ಕೊನೆಯ ಬಾಟಲಿಯ ಚೀಟಿಯ ಮೇಲೆ ವೇಳೆ ಬರೆದು, ಅದರ ಕೆಳಗೆ "ಬಣ್ಣ ಬಂತು" ಎಂದು ಬರೆದಿದ್ದ. ನನ್ನನ್ನು ನೋಡಿ ಅವನು ಹೇಳಿದ್ದು ಇಷ್ಟೇ: "ಮೇಡಂ, ಎಂಟನೇ ಬಾಟ್ಲಿ ಒಡೀತ್ರಿ."

ಅಷ್ಟರಲ್ಲಿ ಜೀಪು ಬಂತು. ಖಾನಾಪುರದವರೆಗೆ ಅವನು ಆ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ದವಾಖಾನೆಯಲ್ಲಿ ತುಟಿಗೆ ಹೊಲಿಗೆ ಹಾಕುವಾಗಲೂ ಇಳಿಸಲಿಲ್ಲ.

ಆಮೇಲಿನ ವಾರಗಳು ಬೇರೆ ರೀತಿಯ ಭಯದವು. ಆ ಫೋಟೋ ಇನ್ನೂ ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ನಾನು ಹಸಿರು ಬಳೆ ತೆಗೆದಿಟ್ಟೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುತ್ತಿರಲಿಲ್ಲ. ಕಚೇರಿಯಲ್ಲಿ ವರದಿಯ ಕೊನೆಯ ಪುಟ ನನಗಾಗಿ ಕಾದಿತ್ತು. "ಮುನ್ನೆಚ್ಚರಿಕೆಗಳೊಂದಿಗೆ ಸೂಕ್ತ ಜಾಗ" ಎಂದು ಯಾರೋ ಮೊದಲೇ ಟೈಪು ಮಾಡಿದ್ದರು. ಸಹಿ ಮಾಡದಿದ್ದರೆ ಕೆಲಸವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಮೇಜಿಗೆ ಬೇರೆ ಯಾವ ಕಾಗದವೂ ಬರುವುದು ನಿಂತಿತು.

ಒಂದು ದಿನ ಯಲ್ಲಪ್ಪ ಊರುಗೋಲಿನ ಗೆಳೆಯನೊಬ್ಬನನ್ನು ಕರೆದುಕೊಂಡು ಕಚೇರಿಗೆ ಬಂದ. ಅವನು ಬಾಬಾಜಾನನ ಜೀವ ಉಳಿಸಿದವನು, ನನ್ನ ಮಾತು ನಂಬಿ ಕಣ್ಣು ಒಡ್ಡಿದವನು. ಫ್ಯಾಕ್ಟರಿ ಆಗುವ ಹಾಗೆ ಬರೀರಿ ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ?

"ಕುಂದರ್ರಿ" ಎಂದೆ. ಕೂತ.

"ಆ ಫ್ಯಾಕ್ಟರ್ಯಾಗಿನ ಸೀಸ ಅನ್ನೂದು ನೀರಾಗ ಬಂದ್ರ ಬಣ್ಣ ಕಾಣ್ತೈತೇನ್ರಿ?" ಎಂದ.

"ಇಲ್ಲ."

"ವಾಸನಿ?"

"ಇಲ್ಲ. ರುಚೀನೂ ಗೊತ್ತಾಗೂದಿಲ್ಲ."

ಊರುಗೋಲಿನವನು ಕಿಟಕಿಯಾಚೆ ನೋಡುತ್ತಿದ್ದ. ಯಲ್ಲಪ್ಪ ಹೇಳಿದ: "ಬಣ್ಣ ಕಂಡಿದ್ದಕ್ಕ ಊರೆಲ್ಲಾ ಎದ್ದು ನಿಂತಿತ್ರಿ. ಕಾಣದ್ದು ಬಂದ್ರ ಯಾರೂ ಏಳೂದಿಲ್ಲ. ಲಕ್ಷ್ಮಿ ಹಂಗ ಕೊಡಾ ತುಂಬಿ ತರ್ತಾಳ." ಎದ್ದು ನಿಂತ. "ನೀವು ನೋಡಿದ್ದನ್ನ ಬರೀರಿ. ನಮ್ಮ ಮಂದಿಗೆ ನಾ ಹೇಳ್ತೀನಿ."

ಹೇಗೆ ಹೇಳಿದನೋ ನನಗೆ ತಿಳಿಯದು. ಸಿಟ್ಟಿನಲ್ಲಿ ಸಂಘ ಬಿಟ್ಟವರೂ ಇದ್ದರಂತೆ. ನಾನು ಕೊನೆಯ ಪುಟ ಹರಿದು ಹೊಸದಾಗಿ ಬರೆದೆ. ಬಣ್ಣ ಸುರಿದ ವೇಳೆ, ಬಾವಿಗೆ ಬಂದ ವೇಳೆ, ಒಡೆದ ಎಂಟನೆಯ ಬಾಟಲಿ, ಎಲ್ಲವನ್ನೂ. ಆ ದಿಬ್ಬದ ಮೇಲೆ ಸೀಸ ಕರಗಿಸಬಾರದು, ತಾಲೂಕಿನಲ್ಲಿ ಮಣ್ಣಿನ ಪಿಂಗಾಣಿ ಕೆಲಸ ನಡೆಯಬಹುದು, ಅದಕ್ಕೆ ಗಟ್ಟಿ ಬಂಡೆಯ ನೆಲ ಇಂಥಲ್ಲಿದೆ ಎಂದು ಬರೆದು ಸಹಿ ಹಾಕಿದೆ. ಮುಂದಿನ ತಿಂಗಳು ಕಚೇರಿ ಬಿಟ್ಟೆ.

ಈಗ ಖಾನಾಪುರದ ಹೊರಗೆ ಆ ಪಿಂಗಾಣಿ ಘಟಕ ಸಣ್ಣದಾಗಿ ನಡೆಯುತ್ತಿದೆ. ಯಲ್ಲಪ್ಪನ ಮಂದಿಯಲ್ಲಿ ಕೆಲವರಿಗೆ ಅಲ್ಲಿ ಕೆಲಸವಾಗಿದೆ, ಉಳಿದವರು ಗೋವಾಕ್ಕೆ ಗೇಟು ಕಾಯಲು ಹೋದರು. ಸೀಸದ ಘಟಕ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬೇರೆ ಯಾವುದೋ ಜಿಲ್ಲೆಯಲ್ಲಿ, ಬೇರೆ ಯಾವುದೋ ದಿಬ್ಬದ ಮೇಲೆ ಅದು ನಿಂತಿರಬೇಕು. ಅದರ ಕೆಳಗಿನ ಊರಿನ ಬಾವಿಯನ್ನು ಯಾರಾದರೂ ನೋಡಿದರೋ ಇಲ್ಲವೋ ಎಂದು ಯೋಚಿಸಿದರೆ ಊಟ ಸೇರುವುದಿಲ್ಲ.

ಬಾಬಾಜಾನ್ ಬಾವಿಗಳ ಕೆಲಸ ಬಿಟ್ಟ. ಮನೆಯ ಮುಂದೆ ಪಂಪು ರಿಪೇರಿ ಇಟ್ಟುಕೊಂಡ. ನಾನು ಹೋದಾಗೆಲ್ಲ ಚಹಾ ಕೊಡುತ್ತಿದ್ದ, ಮಕ್ಕಳ ಸಾಲೆಯ ಮಾತಾಡುತ್ತಿದ್ದ. ಆ ದಿನದ ಮಾತು ನಾವಿಬ್ಬರೂ ಎತ್ತುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಯಲ್ಲಪ್ಪ ಫೋನು ಮಾಡಿದ. ಊರ ಬಾವಿಯಲ್ಲಿ ಹೂಳು ತುಂಬಿದೆ, ಒಳಗಿನ ಪೈಪು ಸರಿದಿದೆ, ಬೇರೆಯವರು ಬಂದು ಕೈ ಚೆಲ್ಲಿ ಹೋದರು. "ಬಾಬಾಜಾನಣ್ಣನ್ನ ಕೇಳಿ ನೋಡ್ರಿ. ನಮಗ ಕೇಳಾಕ ಮಾರಿ ಇಲ್ಲ" ಎಂದ. ನಾನು ಹೋಗಿ ಹೇಳಿದೆ. ಬಾಬಾಜಾನನ ಹೆಂಡತಿ ಬಾಗಿಲಲ್ಲೇ ನಿಂತು, "ನಕ್ಕೋ, ಬ್ಯಾಡ" ಎಂದಳು. ಅವನು ಸ್ಪಾನರನ್ನು ಒರೆಸುತ್ತ ಕೂತಿದ್ದ. ಆಮೇಲೆ, "ನೀವೂ ಬರ್ತೀರೇನ್ರಿ?" ಎಂದ.

"ಬರ್ತೀನಿ."

ಬೆಳಿಗ್ಗೆಯೇ ಹೋದೆವು. ಊರಿನವರು ದೂರದಲ್ಲಿ ನಿಂತಿದ್ದರು. ಹಗ್ಗವನ್ನು ಯಲ್ಲಪ್ಪ ಹಿಡಿದ. ಬಾಬಾಜಾನ್ ಕಟ್ಟೆ ಹತ್ತಿ, ಕಾಲು ಒಳಗೆ ಬಿಟ್ಟು, ನನ್ನ ಕಡೆ ತಿರುಗಿದ. ಅವನ ಹಣೆ ಬೆವರಿತ್ತು.

"ನಾ ಮ್ಯಾಲ ಬರೂಮಟ ಇಲ್ಲೇ ನಿಂದರ್ರಿ ಮೇಡಂ. ಎಲ್ಲಿಗೂ ಹೋಗಬ್ಯಾಡ್ರಿ."

ಕೆಳಗೆ ಇಳಿದ. ಕತ್ತಲಲ್ಲಿ ಅವನ ತಲೆ ಸಣ್ಣದಾಗುತ್ತ ಹೋಯಿತು. ಸಲಿಕೆಯ ಸದ್ದು ಬರತೊಡಗಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಕೆಳಗಿನಿಂದ ದನಿ ಬಂತು: "ಮೇಡಂ, ಅದೀರೇನ್ರಿ?"

"ಅದೀನಿ" ಎಂದೆ.

ಮತ್ತೆ ಸಲಿಕೆ. ಮತ್ತೆ ನಿಂತಿತು. "ಅದೀರೇನ್ರಿ?"

ಮಧ್ಯಾಹ್ನದವರೆಗೆ ಅವನು ಹೂಳು ತೆಗೆದ. ಅಷ್ಟು ಹೊತ್ತೂ ನಾನು ಕಟ್ಟೆ ಬಿಟ್ಟು ಕದಲಲಿಲ್ಲ, ಕೇಳಿದಾಗೊಮ್ಮೆ ಅದೀನಿ ಎಂದು ಕೂಗಿ ಹೇಳಿದೆ.